ಒಂದ ಡಬ್ಬಿಯ ಎರಡು ಟ್ಯೂಬು

ಇಂಡಿ ರಸ್ತೆಯ ಬೇವಿನ ಗಿಡದ ಬುಡಕ
ನನ್ನ ಅಂಗಡಿ. ಅಂಗಡಿ ಅಂದ್ರ ಏನು,
ಮ್ಯಾಲೊಂದು ತಗಡು, ಕೆಳಗೊಂದು ಪಂಪು,
ನೀರು ತುಂಬಿದ ಒಂದು ಬುಟ್ಟಿ.
ತೂತು ಹುಡುಕಾಕ
ತೂತಿಲ್ಲದ್ದ ಒಂದು ಬೇಕು.

ಟ್ಯೂಬು ಮುಳುಗಿಸಿ ಹಿಂಡಿದ್ರ
ಗುಳ್ಳಿ ಏಳ್ತಾವ.
ಅಲ್ಲೇ ಬೆರಳಿಡು, ಅಲ್ಲೇ ಗಾಯ.
ನಲವತ್ತು ವರ್ಷ ನನಗ ಬಂದದ್ದು
ಇದೊಂದ ವಿದ್ಯಾ.

ಆಗ ಇಬ್ಬರು ಹುಡುಗ್ಯಾರು ಬರತಿದ್ರು,
ಹೂಗಾರರ ದಾನಮ್ಮ, ತಾಂಡಾದ ಸೋನಾಬಾಯಿ.
ಬೆಳಗಿನ ಐದಕ್ಕ, ಬೀದಿದೀಪ ಆರೋ ಮೊದಲ,
ನಾಗಠಾಣಕ್ಕ ಹೋಗಿ ಹೊಳ್ಳಿ ಬರೋರು.
ಒಂದ ಟವೆಲ್ಲು, ಎರಡು ಮುಖ.
ಒಂದ ಪೊಟ್ಟಣ ಶೇಂಗಾ,
ಕಾಳು ಎಣಿಸಿ ಪಾಲು.
ಒಂದು ಕಾಳು ಹೆಚ್ಚಿಗಿ ಬಂತಂದ್ರ
ಜಗಳ ಬ್ಯಾಡಂತ ನನ್ನ ಕಡೆ ಒಗಿತಿದ್ರು,
"ತಿನ್ನು ದಸ್ತಗೀರ ಮಾಮಾ."

ಯಾರು ಜೋರು ಅಂತ ಕೇಳಿದ್ರ
ಗಾಳಿಗೂ ಗೊತ್ತಿರಲಿಲ್ಲ.
ಸೋಮವಾರ ಇಕಿ ಮುಂದ, ಮಂಗಳವಾರ ಅಕಿ.

ಆಯ್ಕಿ ದಿನ ಹೊಸಾ ಟ್ಯೂಬು ಹಾಕಿಕೊಟ್ಟಾಂವ ನಾನ.
ಒಂದ ಡಬ್ಬಿ, ಎರಡು ಟ್ಯೂಬು,
ಎಡಗೈಗೆ ಸಿಕ್ಕಿದ್ದು ಒಬ್ಬಾಕಿಗೆ,
ಬಲಗೈಗೆ ಸಿಕ್ಕಿದ್ದು ಇನ್ನೊಬ್ಬಾಕಿಗೆ.
ನಾನೂ ಏನೋ ಹಂಚಾಕತ್ತೀನಿ
ಅಂತ ಆವತ್ತ ನನಗ ಅನಿಸಲಿಲ್ಲ.

ಮೂವತ್ತೊಂದನೇ ಕಿಲೋಮೀಟರಿನಾಗ
ಕುರಿ ದಾಟಿ ಹೋದ ಜಾಗಾ.
ಯಾರೋ ಬೇಲಿಗಂತ ಜಾಲಿ ಟೊಂಗಿ ಎಳಕೊಂಡು ಹೋಗಿದ್ದ,
ಮುಳ್ಳೊಂದು ಉದುರಿತ್ತು,
ಅಷ್ಟ.
ಸೋನಾ ಅದರ ಬಾಜೂಕ ಒಂದು ಗೇಣು.
ದಾನಮ್ಮ ಅದರ ಮ್ಯಾಲ.

ಸೈಕಲ್ ಹೆಗಲಿಗೆ ಹಾಕ್ಕೊಂಡು
ಎರಡು ಕಿಲೋಮೀಟರ್ ಓಡಿದ್ಲಂತ ಹುಡುಗಿ.
ಓಡಿದ್ದಕ್ಕ ಅಲ್ಲಿ
ಲೆಕ್ಕ ಇರಲಿಲ್ಲ.

ಸೋನಾಗ ರೈಲ್ವೆ ನೌಕರಿ,
ಸೊಲ್ಲಾಪುರದಾಗ ಕ್ವಾರ್ಟರ್ಸು.
ದಾನಮ್ಮ ಬಸ್‌ಸ್ಟ್ಯಾಂಡಿನ ಎದುರಿಗೆ ಹೂ ಕಟ್ತಾಳ.
ಮೊಳ ಹಾಕುವಾಗ ಮೊಣಕೈ ದಾಟಿ
ಎರಡು ಬೆರಳು ಹೆಚ್ಚಿಗಿ ಬಿಡ್ತಾಳ,
ಯಾರು ಕಲಿಸಿದ್ರೋ.

ಹೋದ ವರ್ಷ ಸೋನಾಗ ಊರಾಗ ಸತ್ಕಾರ.
ಹಾರ ದಾನಮ್ಮನ ಕೈದು.
ಅಳತಿ ಕೇಳದ ಕಟ್ಟಿದ್ಲು,
ಆ ಕೊರಳು ಅಕಿಗೆ ಗೊತ್ತು.
ಸೋನಾ ಮೈಕಿನಾಗ ಅಂದ್ಲು:
"ಕಷ್ಟಪಟ್ರ ಫಲ ಸಿಕ್ಕ ಸಿಗತೈತಿ."

ಸುಳ್ಳಲ್ಲ.
ಅಕಿ ಅಂಗಾಲಿನ ಬೊಬ್ಬಿ ನಾ ಕಂಡೀನಿ,
ಜ್ವರದಾಗ ತುಳಿದದ್ದು ಕಂಡೀನಿ.
ಆದ್ರ ಅದು ಅರ್ಧ ಲೆಕ್ಕ.
ಉಳಿದರ್ಧ ಹೂವಿನ ಬುಟ್ಟಿ ಹಿಂದ ಕುಂತೈತಿ,
ಅದಕ್ಕ ಮೈಕು ಕೊಡವರ್ಯಾರು?
ಎಲ್ಲಾರೂ ಚಪ್ಪಾಳಿ ಹೊಡದ್ರು, ನಾನೂ ಹೊಡದೆ.
ಕೈಗೆ ಗ್ರೀಸು ಇತ್ತು,
ಸಪ್ಪಳ ಬರಲಿಲ್ಲ.

ಒಂದಿನ ಕೇಳೇ ಬಿಟ್ಟೆ:
ದಾನವ್ವಾ, ಸಿಟ್ಟು ಬರೂದಿಲ್ಲೇನ?
"ಯಾರ ಮ್ಯಾಲ ಮಾಮಾ?
ಸೋನಾ ಮ್ಯಾಲ? ಅಕಿ ಏನು ಮಾಡ್ಯಾಳ.
ಮುಳ್ಳಿನ ಮ್ಯಾಲ? ಅದು ಆವತ್ತ ಮುರೀತು."
ದಾರ ಹಲ್ಲಿಲೆ ಕಡಿದು
ಸುಮ್ಮನ ಕುಂತ್ಲು.
ಆಮ್ಯಾಲ ಅಂದ್ಲು,
"ಬರತೈತಿ.
ಐದಕ್ಕ ಎಚ್ಚರಾಗಿರತೈತಿ,
ಹಾಸಿಗ್ಯಾಗ
ಕಾಲು ತಾವ ತುಳಿತಿರ್ತಾವ."

ಆ ಹಳೇ ಟ್ಯೂಬು ನನ್ನ ಹತ್ರ ಇನ್ನೂ ಐತಿ.
ಗಿರಾಕಿ ಇಲ್ಲದ ಹೊತ್ತಿನ್ಯಾಗ ತೆಗದು
ಗಾಳಿ ಹೊಡದು ಮುಳುಗಿಸ್ತೀನಿ.
ಗುಳ್ಳಿ ಏಳ್ತಾವ, ಸಣ್ಣವು, ಸಾಲಾಗಿ.
ತೂತು ಎಲ್ಲೈತಿ ಅಂತ ತೋರಸ್ತೈತಿ ನೀರು.
ಇದ ಟ್ಯೂಬಿಗೆ ಯಾಕ ಅಂದ್ರ
ಸುಮ್ಮನ ತುಳುಕತೈತಿ.

ಎಡಗೈದು ಯಾರಿಗೆ ಕೊಟ್ಟಿದ್ನೋ
ನೆನಪಿಲ್ಲ. ಖರೇ ಹೇಳ್ತೀನಿ,
ನೆನಪಾದೀತು ಅಂತ ಅಂಜಿಕಿ.

ಹೊತ್ತು ಮುಳುಗಿದ ಮ್ಯಾಲ
ಬುಟ್ಟಿ ನೀರು ಬೇವಿನ ಬುಡಕ ಸುರುವ್ತೀನಿ.
ಯಾವ ಬೇರಿಗೆ ಮುಟ್ಟತೈತೋ,
ಯಾವುದಕ್ಕ ಇಲ್ಲೋ.
ಬುಟ್ಟಿ ಬೋರಲ ಹಾಕಿ
ಮನೀಗೆ ನಡೀತೀನಿ.