ಮೊಳೆಗೆಷ್ಟು ಅಂಕ

ಮದುರಾ ದ್ವೀಪದ ಪೂರ್ವ ತುದಿ, ಉಪ್ಪಿನ ಗದ್ದೆಗಳ ನಡುವೆ
ಚಿಕ್ಕ ಮಕ್ಕಳ ಮದ್ರಸಾ. ಆರು ಕೋಣೆ, ನೂರ ಹನ್ನೆರಡು ಮಕ್ಕಳು.
ನನ್ನ ಬಗಲಲ್ಲಿ ಇಲಾಖೆಯ ನಲವತ್ತು ಪ್ರಶ್ನೆ:
ಈ ಶಾಲೆ ಮಕ್ಕಳಸ್ನೇಹಿಯೋ, ಅಲ್ಲವೋ.
ಇದ್ದರೆ ಎರಡು, ಅರೆಬರೆಗೆ ಒಂದು,
ಇಲ್ಲದಿದ್ದರೆ ಸೊನ್ನೆ.

ಮುಖ್ಯೋಪಾಧ್ಯಾಯಿನಿ ಹೊಸ್ನಿಯಾ ಕಡತಗಳನ್ನು
ಮದುವೆಮನೆಯ ತಟ್ಟೆಗಳ ಹಾಗೆ ಸಾಲಾಗಿ ಹರಡಿದ್ದಾರೆ.
ಹೊಡೆಯುವುದಿಲ್ಲವೆಂಬ ಪ್ರತಿಜ್ಞೆಗೆ ಎಂಟು ಮೇಷ್ಟರ ಸಹಿ,
ಜವಾನನ ಹೆಬ್ಬೆಟ್ಟು. ‘ಅವನೂ ಗದರುತ್ತಾನಲ್ಲ.’
ಪಾಯಿಖಾನೆಯ ಚಿಲಕ ಪುಟ್ಟ ಕೈಗೆ ಎಟುಕುತ್ತದೆ. ಎರಡು.
ವುಜೂ ಮಾಡುವ ನಲ್ಲಿ ಐದು, ಒಂದಕ್ಕೆ ತಿರುಪಿಲ್ಲ,
ಚಿಂದಿ ಸುತ್ತಿದೆ. ಒಂದು.

ದೂರಿನ ಪೆಟ್ಟಿಗೆ ಇದೆ. ಬೀಗವೂ ಇದೆ.
ಕೀಲಿಗೆ ಅರ್ಧ ಗಂಟೆ ಹುಡುಕಾಟ.
ಕೊನೆಗೆ ಐದನೇ ತರಗತಿಯ ಮುಸ್ಲಿಹಾ
ತಲೆವಸ್ತ್ರದ ಪಿನ್ನು ತೆಗೆದು, ಕಿಟಕ್ಕನೆ ತೆರೆದು,
ನಾವ್ಯಾರೂ ಕೇಳದ ಪ್ರಶ್ನೆಯೊಂದಕ್ಕೆ ಉತ್ತರ ಕೊಟ್ಟಳು.
ಒಳಗೆ ಮೂರು ಹುಣಿಸೆಬೀಜ, ಒಂದು ಹಾಲುಹಲ್ಲು,
ಒಂದು ಚೀಟಿ:
‘ಗಂಟೆ ಹೊಡೆಯುವ ಸರದಿ ನನಗೆ ಬರುವುದೇ ಇಲ್ಲ.’
ಹೆಸರಿಲ್ಲ. ಓದಿ ಮುಗಿಸುವಷ್ಟರಲ್ಲಿ
ಎರಡನೇ ತರಗತಿಯ ಕಿಟಕಿಯಿಂದ ಒಂದು ಮುಖ ಕೆಳಗಿಳಿಯಿತು.

ಎಲ್ಲ ಸರಿ.
ಆದರೆ ಮೂರನೇ ತರಗತಿಯ ಕರಿಹಲಗೆಯ ಬಲಕ್ಕೊಂದು ಮೊಳೆ.
ಈಗ ಅದರಲ್ಲಿ ಹಿಜ್ರಿ ಕ್ಯಾಲೆಂಡರು.
ಕ್ಯಾಲೆಂಡರಿನ ಕೆಳಗೂ ಇಳಿದು, ಸುಣ್ಣದ ಮೇಲೆ
ತೂಗಾಡಿ ಸವೆಸಿದ ಕಂದು ಗೆರೆ.
ಯಾರೂ ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.
ಕಡಲಾಚೆ ಇಂಥದೇ ಕೋಣೆಯಲ್ಲಿ ಅಲಿಫ್ ತಿದ್ದಿದವನು ನಾನು,
ಬೆತ್ತದ ಮೊಳೆ ಎಷ್ಟೆತ್ತರದಲ್ಲಿರುತ್ತದೆಂದು
ನನ್ನ ಅಂಗೈಗೆ ಗೊತ್ತು.
ಗುರುಗಳ ಮೇಲೆ ಸಿಟ್ಟಿಲ್ಲ.
ಇದೆ. ಅವರು ಹೋದ ದಿನ ಬಿಕ್ಕಿಬಿಕ್ಕಿ ಅತ್ತೆ, ಅದೂ ಹೌದು.

ಕನ್ನಡಕ ತೆಗೆಯಲೆಂದು ಕೈಯೆತ್ತಿದೆ.
ಮುಂದಿನ ಸಾಲಿನ ಹುಡುಗ ಕಣ್ಣು ಮುಚ್ಚಿ ಹೆಗಲು ಕುಗ್ಗಿಸಿದ.
‘ಇಲ್ಲಿಯದಲ್ಲ,’ ಹೊಸ್ನಿಯಾ ಪಿಸುಗುಟ್ಟಿದರು, ‘ಮನೆಯದು.
ಉಪ್ಪಿನ ದರ ಬಿದ್ದ ವಾರಗಳಲ್ಲಿ.’
ನಲವತ್ತೂ ತಿರುವಿದೆ.
ಉಪ್ಪಿನ ದರಕ್ಕೆ ಕಾಲಂ ಇಲ್ಲ.
ಮೊಳೆಗೂ.

ಅಷ್ಟರಲ್ಲಿ ಅವರು ಚೀಟಿಯ ಅಕ್ಷರ ಗುರುತು ಹಿಡಿದು
ನೇರ ಎರಡನೇ ತರಗತಿಗೆ ನಡೆದು
ಕಿಟಕಿಯಡಿ ಅಡಗಿದ್ದವನನ್ನು ಸೊಂಟಕ್ಕೇರಿಸಿಕೊಂಡು
ಜಗಲಿಗೆ ಬಂದರು. ಹಳಿಯ ತುಂಡು, ಕಬ್ಬಿಣದ ಬೋಲ್ಟು.
ಒಂದೇ ಸಾಕೆಂದರೂ ಕೇಳದೆ
ಅವನು ಹದಿನೇಳು ಸಲ ಹೊಡೆದ.
ಮದ್ರಸಾ ಮದ್ರಸಾವೇ ಚೀಲ ಹೊತ್ತು ಬಯಲಿಗೆ ಬಿತ್ತು,
ಬಿಡಲು ಇನ್ನೂ ನಲವತ್ತು ನಿಮಿಷ ಇರುವಾಗ.

ದೂರುದಾರರ ಗೋಪ್ಯತೆ: ಸೊನ್ನೆ.
ವೇಳಾಪಟ್ಟಿಯ ಪಾಲನೆ: ಸೊನ್ನೆ.
ನಿಯಮ ನಿಯಮವೇ, ಬರೆದೆ.
ಷರಾ ಎಂಬ ಕಿರಿದಾದ ಜಾಗದಲ್ಲಿ
ಏನು ಗೀಚಿದೆನೋ, ಕಚೇರಿಯಿಂದ ಕಾಗದ ಬಂದಿದೆ:
‘ಹದಿನೇಳು’ ಎಂದರೇನು, ವಿವರಣೆ ನೀಡಿ.