ಕಿವಿಗೋಲು

ರಾತ್ರಿ ಎರಡಕ್ಕೆ ಬನ್ನಿ ಅಂದಿದ್ದರು,
ಬಂದವರು ಏಳು ಜನ.
ಪೆನ್ಷನ್ ಜೊತೆ ನಿದ್ದೆಗೇಡೂ ಬಂದ ಪೋಸ್ಟ್‌ಮಾಸ್ಟರ್ ಗುಂಡೂರಾಯರು,
ನರ್ಸಿಂಗ್ ಓದುವ ಮೆಹಜಬೀನ್, ಅವಳ ಕಾವಲಿಗೆಂದು ಬಂದು
ತಾನೂ ಫಾರಂ ತುಂಬಿಬಿಟ್ಟ ಅವಳಣ್ಣ.
ಉಳಿದವರ ಹೆಸರು ನನಗೆ ಸರಿಯಾಗಿ ಕೇಳಿಸಲಿಲ್ಲ.
ನನಗೆ ಎಡಗಿವಿ ಇಲ್ಲ, ಬಲಗಿವಿ ಅರ್ಧ.
ಮೂವತ್ತೊಂದು ವರ್ಷ ಕಬ್ಬನ್‌ಪೇಟೆಯ ಪವರ್‌ಲೂಮಿಗೆ ಕೊಟ್ಟದ್ದು,
ವಾಪಸು ಕೇಳಲಿಲ್ಲ.

ಪಿಳ್ಳಪ್ಪ ನಮ್ಮ ಮೇಷ್ಟ್ರು, ವಾಲ್ವ್‌ಮನ್ ಆಗಿದ್ದವನು.
ಅವನಜ್ಜ ಯಾವುದೋ ಕೆರೆಗೆ ನೀರುಗಂಟಿ,
ಆ ಕೆರೆಯಲ್ಲೀಗ ಬಸ್ಸು ನಿಲ್ಲುತ್ತವೆ.
ನಾಲ್ಕಡಿ ಕಬ್ಬಿಣದ ಕೋಲು, ತುದಿಗೊಂದು ಹಿತ್ತಾಳೆ ಬಟ್ಟಲು.
"ನೆಲಕ್ಕೂರಿ, ಕಿವಿಗಿಟ್ಟು, ಉಸಿರು ಹಿಡಿದು ಇಪ್ಪತ್ತು ಎಣಿಸಿ.
ಹರಿಯೋ ನೀರು ಗುನುಗುತ್ತೆ.
ಸೋರೋ ನೀರು ಹಂಗಲ್ಲ, ಸಾಸಿವೆ ಬೀಳೋಕೆ ಮುಂಚೆ
ಬಾಣಲೇಲಿ ಎಣ್ಣೆ ಕಾಯೋ ಸದ್ದು.
ಗೊತ್ತಾಗದೆ ಗೊತ್ತಾಯ್ತು ಅನ್ನಬೇಡಿ,
ಅಗೆಯೋಕೆ ರಸ್ತೆ ನಿಮ್ಮ ಹಿತ್ತಲಲ್ಲ."

ಮೊದಲ ವಾರ ಎಲ್ಲರಿಗೂ ಎಲ್ಲೆಲ್ಲೂ ಸೋರಿಕೆ.
ಗುಂಡೂರಾಯರು ಯಾರದೋ ಫ್ರಿಜ್ಜಿನ ಸದ್ದಿಗೆ
ಸೀಮೆಸುಣ್ಣದಲ್ಲಿ ವೃತ್ತ ಬರೆದರು,
ನಾನು ನನ್ನದೇ ನಾಡಿಗೆ.

"ನಿಂಗೆ ಕಿವಿ ಮಂದವಾ?"
ಹೂಂ ಅಂದೆ. ಮನೆಗೆ ಕಳಿಸುತ್ತಾನೆ ಅಂದುಕೊಂಡೆ.
"ಬಟ್ಟಲಿನ ಅಂಚು ಹಲ್ಲಲ್ಲಿ ಕಚ್ಚಿ ಹಿಡಿ" ಅಂದ.
ಕಚ್ಚಿದೆ. ಮೊದಲು ಹಿತ್ತಾಳೆಯ ಕಿಲುಬು,
ಆಮೇಲೆ ದವಡೆಯಲ್ಲಿ, ಬುರುಡೆಯ ಹಿಂದೆಲ್ಲೋ
ಕಾವೇರಿ,
ಅಷ್ಟು ದೂರ ಪಂಪು ಪಂಪಾಗಿ ಏರಿ ಬಂದು
ನಮ್ಮ ಗಲ್ಲಿಯ ಕೆಳಗೆ ದಣಿದು ನಡೆಯುತ್ತಿದ್ದಳು.

ಹಾಸಿನಲ್ಲಿ ಒಂದೆಳೆ ತುಂಡಾದರೆ
ಮಗ್ಗದ ಗದ್ದಲದೊಳಗೇ ಒಂದು ಸಣ್ಣ ಕೊಂಕು ಹುಟ್ಟುತ್ತದೆ.
ಮಾಲೀಕನಿಗೆ ಕೇಳುವುದಿಲ್ಲ, ನಮಗೆ ಕೇಳುತ್ತದೆ.
ಅದೇ ಕೊಂಕು ಹನ್ನೊಂದನೇ ರಾತ್ರಿ
ಮೂಲೆಯ ಕಲ್ಲುಚಪ್ಪಡಿಯ ಹತ್ತಿರ.
ಬಾಯಲ್ಲಿ ಕೋಲಿದ್ದರಿಂದ ಕೂಗಲಾಗದೆ
ಕಾಲಲ್ಲಿ ನೆಲ ಗುದ್ದಿದೆ.
ಮೆಹಜಬೀನ್ ವೃತ್ತ ಎಳೆದು, ಪಕ್ಕಕ್ಕೆ ಹದಿನಾಲ್ಕು ಅಂತ ಬರೆದಳು.

ಆ ಚಪ್ಪಡಿ ಅಮುದಾಳದು.
ಬೆಳಿಗ್ಗೆ ಬಿರುಕಿನಲ್ಲಿ ಮಡುಗಟ್ಟಿದ್ದನ್ನು ಚಿಪ್ಪಿನಲ್ಲಿ ಮೊಗೆದು
ಮಲ್ಲಿಗೆಗೆ ಚಿಮುಕಿಸುತ್ತಾಳೆ, ಗೋಣಿತಟ್ಟು ನೆನೆಸುತ್ತಾಳೆ,
ಕೊನೆಗೊಂದಿಷ್ಟು ಕಣ್ಣಿಗೆ.
ಹತ್ತು ವರ್ಷದಿಂದ ಎಲ್ಲರೂ ಕಂಡಿದ್ದೇವೆ,
ಎಲ್ಲಿಂದ ಬರುತ್ತದೆ ಅಂತ ಒಬ್ಬರೂ ಕೇಳಿರಲಿಲ್ಲ.
"ಏನ್ ತಾತ ಇದು, ರಂಗೋಲಿನಾ?" ಅಂದಳು.
ಹೂಂ ಅಂದೆ.

ಗುರುವಾರ ಅಗೆದು ಕ್ಲಾಂಪು ಬಿಗಿದರು.
ಗಂಟೆಗೆ ಇನ್ನೂರು ಲೀಟರು ಉಳಿಯಿತು ಅಂತ ಲೆಕ್ಕ.
ಚಪ್ಪಾಳೆ ತಟ್ಟಿದರು, ಬಿಸ್ಕತ್ತು ಕೊಟ್ಟರು,
ಪ್ರಮಾಣಪತ್ರದಲ್ಲಿ ನನ್ನ ಹೆಸರಿಗೊಂದು ಕೊಂಬು ಹೆಚ್ಚಾಗಿತ್ತು.
ಪಿಳ್ಳಪ್ಪ ಮಾತ್ರ ಬೀಡಿ ಹಚ್ಚುತ್ತಾ ಅಂದ:
"ತೂಬು ಮುಚ್ಚೋ ದಿನ ನಮ್ಮಜ್ಜ
ಕೊನೇ ಗದ್ದೆಯೋನ ಮನೆಗೆ ತಾನೇ ಹೋಗಿ ಹೇಳ್ತಿದ್ನಂತೆ.
ನೀನು ಹೇಳ್ದಾ?"

ಈಗ ದಿನಾ ಆರಕ್ಕೆ ನಮ್ಮನೆ ನಲ್ಲಿಯಿಂದ
ಒಂದು ಕ್ಯಾನು ಹೊತ್ತು ಹೋಗುತ್ತೇನೆ.
ಇಸಿದುಕೊಳ್ಳುತ್ತಾಳೆ, ನಗುವುದಿಲ್ಲ.
"ಸುಗಂಧರಾಜಕ್ಕೆ ಇದು ಸಾಲಲ್ಲ" ಅನ್ನುತ್ತಾಳೆ,
ನಿಜ, ಸಾಲುವುದಿಲ್ಲ.

ನಿನ್ನೆ ರಾತ್ರಿ ನಾವು ಸುತ್ತು ಹೊರಟಿದ್ದಾಗ
ಬುಟ್ಟಿ ಹೊತ್ತು ಮಾರ್ಕೆಟ್ಟಿಗೆ ಹೊರಟವಳು ನಿಂತಳು.
ಹೊಸ ಟಾರಿನ ತೇಪೆಯ ಮೇಲೆ ನಾನು ಕೋಲೂರಿ ಕಚ್ಚಿದ್ದೆ.
"ಏನ್ ಕೇಳುತ್ತೆ?"
"ಏನೂ ಇಲ್ಲ."
"ಏನೂ ಇಲ್ಲ ಅಂದ್ರೆ ಒಳ್ಳೇದಾ?"

ಬಟ್ಟಲನ್ನು ಪಂಚೆಯ ತುದಿಯಲ್ಲಿ ಒರೆಸಿ
ಅವಳ ಕಡೆ ಚಾಚಿದೆ.