ಬಿಸಿ ಬ್ಯಾರೆ, ಕಾವು ಬ್ಯಾರೆ

ಮೂವತ್ತೊಂದು ವರ್ಷ ಮೋಟರ್ ಸುತ್ತೇನಿ, ದಾಜಿಬಾನ ಪೇಟೆಯೊಳಗ.
ಬಿಸಿ ಅಂದ್ರ ನನ್ನ ಧಂಧೆದಾಗ ವೈರಿ:
ವಾರ್ನಿಶ್ ಸುಟ್ಟ ನಾತ, ಕರ್ರಗಾದ ತಾಮ್ರ,
‘ಏನ್ ಪಾಂಡುಸಾ, ಮೊನ್ನೇರ ಒಯ್ದಿದ್ವಿ’ ಅನ್ನೂ ಗಿರಾಕಿ.

ಅಂಥಾದ್ರಾಗ ಮಗಳು ಬಂದು ಕೇಳಿದ್ಲು:
ಅಪ್ಪಾ, ನನಗ ಸಣ್ಣ ಬಿಸಿ ಬೇಕು.
ಸುಡಬಾರದು. ಆರಬಾರದು.
ಹಗಲೂ ರಾತ್ರಿ ಇರಬೇಕು, ಒಂದಽ ಕಡೆ ಇರಬೇಕು.

ಎರಡು ಹಾವು. ಆಫ್ರಿಕಾದ ಹೆಬ್ಬಾವಂತ, ಮುಟ್ಟಿದ್ರ ಉಂಡಿ ಆಗ್ತಾವು.
ನವನಗರದವರು ಯಾರೋ ಸಾಕಲಾರದ ಬಿಟ್ಟುಕೊಟ್ಟದ್ದು.
ಅರಣ್ಯ ಇಲಾಖೆ ಕಾಗದ ಎಲ್ಲಾ ಬರೋಬ್ಬರಿ ಅದಾವು,
ನನ್ನ ಅಂಗಡಿ ಲೈಸೆನ್ಸಿಗಿಂತ ಬರೋಬ್ಬರಿ.

ಹಳೇ ಶೋಕೇಸಿನ ಪ್ಲೈವುಡ್ ಕೊಯ್ದು ನಾಲ್ಕು ಖಾನೆ ಮಾಡಿದೆ.
ದುರ್ಗದ ಬೈಲಿನಾಗ ಸೀರಿ ಇಡೂ ಪ್ಲಾಸ್ಟಿಕ್ ಡಬ್ಬಿ ತಂದೆ.
ಅಂಗಡಿಯಾಂವ ಕೇಳಿದ, ಮದಿವಿ ಜವಳಿಗೇನ್ರಿ?
ಹೂಂ ಅಂದೆ.
ಕಾದ ಸೋಲ್ಡರ್ ಕಡ್ಡಿಲೆ ಉಸಿರಾಡೂ ತೂತು ಹೊಡದೆ,
ಒಂದೊಂದಕ್ಕ ಇಪ್ಪತ್ನಾಲ್ಕು.
ಹಿಂದಿನ ಮೂರನೇ ಪಾಲಿಗೆ ಬಿಸಿಪಟ್ಟಿ ಹಾಸಿದೆ,
ಮುಂದಿನದು ಖಾಲಿ.

ಪೂರ್ತಿ ಹಾಸಿದ್ರ ಏನಾಕ್ಕೈತಿ, ಥಂಡಿ ಐತಲ್ಲ?
ಕಸ್ತೂರಿ ನಕ್ಕಳು:
ಅದರ ರಕ್ತಕ್ಕ ತನ್ನ ಒಲಿ ಇಲ್ಲಪ್ಪಾ.
ಕಾಯಾಕೊಂದು ಮೂಲಿ ಬೇಕು, ಆರಾಕೊಂದು ಮೂಲಿ.
ನಡುವ ಹರದಾಡೂದಽ ಅದರ ಬಾಳೇವು.

ಡಿಸೆಂಬರ್ ಹದಿನಾರು.
ಕಾವಿನ ಲೆಕ್ಕ ಇಡೂ ಸಣ್ಣ ವೈರು ಅಂಟು ಬಿಟ್ಟು ಕೆಳಗ ಜಾರಿತ್ತು.
ಹೊರಗಿನ ಗಾಳಿ ಮೂಸಿ ಹೇಳೇ ಹೇಳಿತು: ಇನ್ನೂ ಬೇಕು, ಇನ್ನೂ ಬೇಕು.
ಪಟ್ಟಿ ಪಾಪ ಕೇಳಿತು.
ಹಾವು ಸರೀಲಿಲ್ಲ.
ಹೊಟ್ಟಿ ಸುಡೂದು ಅದಕ್ಕ ಲಗೂ ತಿಳಿಯಂಗಿಲ್ಲಂತ,
ಬಿಸಲು ಮ್ಯಾಲಿಂದಽ ಬರತೈತಿ ಅಂತ ನಂಬಿದ ಜೀವ.
ಮುಂಜಾನೆ ನೋಡಿದ್ರ ಹೊಟ್ಟಿ ಹುರಪಿ ಗುಲಾಬಿ ಬಣ್ಣ.

ಮಗಳು ಬೈಲಿಲ್ಲ. ಬೈದಿದ್ರ ಚಲೋ ಇತ್ತು.
ಹನ್ನೊಂದು ದಿನ ಮುಲಾಮು ಹಚ್ಚಿದ್ಲು,
ಹನ್ನೊಂದು ದಿನ ನನ್ನ ಕೂಡ ಉಣ್ಣಾಕ ಕುಂಡ್ರಲಿಲ್ಲ.
ಇಷ್ಟು ವರ್ಷ ಬರೇ ಕೈ ಇಟ್ಟು ಹೇಳ್ತಿದ್ದೆ,
ಈ ಮೋಟರ್ ಕಾದೈತಿ, ಇದು ಇಲ್ಲ.
ಆ ಕೈ ನಂಬಿ ಥರ್ಮಾಮೀಟರ್ ಓದಿರಲಿಲ್ಲ.

ಬಿಸಿ ವೈರಿನಾಗ ಬರತೈತಿ.
ಕಾವು ಹಂಗ ಬರಂಗಿಲ್ಲ,
ಕೋಳಿ ಕುಂತಂಗ ಕುಂಡ್ರಬೇಕು.
ಕುಂತೆ.
ಎರಡು ಥರ್ಮೋಸ್ಟ್ಯಾಟ್ ಹಾಕಿದೆ, ಒಂದು ಮರತ್ರ ಇನ್ನೊಂದು ಕಡೀಬೇಕು.
ವೈರಿಗೆ ಹಿತ್ತಾಳಿ ಪಟ್ಟಿ ಬಿಗಿದು ಸ್ಕ್ರೂ ಹೊಡದೆ.
ಮೂವತ್ತೆರಡಕ್ಕ ನಿಂತಿತು.

ಜನವರಿ ಪೂರ್ತಿ ಗ್ವಾಡಿ ಆಚೆ
ಟಿಕ್, ಹತ್ತಿತು. ಟಿಕ್, ಆರಿತು.
ತುಳಸಾಬಾಯಿ ರಾತ್ರಿ ಮನಿ ಮಾತು ತಗದಾಗ
ನಡುವ ಟಿಕ್ ಅಂದ್ರ ಸಾಕು,
ಹಲ್ಲಿ ಲೊಚಗುಟ್ಟಿದಂಗ ಬೆರಳಿಲೆ ನೆಲ ಬಡದು
‘ನೋಡ್ರಿ, ಖರೇನಽ ಐತಿ’ ಅಂತಿದ್ಲು.
ತವರಿನ ಸುದ್ದಿ ಎಷ್ಟೋ ಹಿಂಗ ಖರೇ ಆದವು.

ನಿನ್ನೆ ಹನ್ನೊಂದರ ಸುಮಾರ ಎಚ್ಚರಾತು.
ಟಿಕ್ ಇಲ್ಲ.
ಕರೆಂಟ್ ಹೋತೇನು? ಫ್ಯಾನ್ ತಿರಗತಿತ್ತು.
ಬರಿಗಾಲಿಲೆ ಮ್ಯಾಲ ಓಡಿದೆ.
ಕೆಂಪು ದೀಪ ಆರಿತ್ತು. ಕಾಟಾ ಮೂವತ್ತೆರಡಽ ತೋರಸತಿತ್ತು.
ಪಟ್ಟಿ ಮುಟ್ಟಿದೆ: ತನ್ನ ಕೆಲಸ ಬಿಟ್ಟು ಸುಮ್ಮನ ಮಲಗಿತ್ತು.
ಏಪ್ರಿಲ್. ಮಾಳಿಗಿ ತಗಡು
ಹಗಲಿನ ಬಿಸಲು ಇನ್ನೂ ಕೈಬಿಟ್ಟಿರಲಿಲ್ಲ.
ಹುಬ್ಬಳ್ಳಿನಽ ಕಾವಿಗೆ ಕುಂತಿತ್ತು.

ಎರಡೂ ಹಾವು ಮುಂದಿನ ಮೂಲ್ಯಾಗ,
ತಮ್ಮ ತಮ್ಮ ನೀರಿನ ಬಟ್ಟಲಕ್ಕ ಸುತ್ತಿಕೊಂಡು.
ಗಾಯದ್ದು ಪೊರಿ ಬಿಟ್ಟು ಹೊಸಾ ಆಗಿತ್ತು,
ಒಂದು ಹುರಪಿ ಅಷ್ಟ ಸೊಟ್ಟ.

ಕಸ್ತೂರಿ ಎದ್ದು ಬಂದ್ಲು. ಏನಪ್ಪಾ?
ಏನಿಲ್ಲ. ಬೆಂಕಿ ಮುಗೀತು, ಇನ್ನ ತಂಪು ಹುಡಕಬೇಕು.
ಹಂಗಾರ ಅಟ್ಟದ ಮ್ಯಾಲ ಹಳೇ ಕೂಲರ್ ಐತಲ್ಲ,
ಮೋಟರ್ ಸುಟ್ಟೈತಿ. ಸುತ್ತಿ ಕೊಡ್ತೀಯೇನು?

ಅದು ನನಗ ಬರತೈತಿ, ಅಂದೆ.